ಹಾಡಲು ಬಾರದವಳು ಆರಿಸಿದ ಹಾಡುಗಳು

ನನಗೆ ಹಾಡಲು ಬರುವುದಿಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು. ಮದುವೆಯಾಗಿ ಭದ್ರಾವತಿಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಚರ್ಚಿನಲ್ಲಿ ನಾನು ಉತ್ಸಾಹದಿಂದ ದನಿ ಎತ್ತಿದಾಗ, ಪಕ್ಕದಲ್ಲಿ ನಿಂತಿದ್ದ ನಮ್ಮ ಅತ್ತೆ ಮೆಲ್ಲಗೆ ನನ್ನ ಮೊಣಕೈ ಮುಟ್ಟಿ, ಮನಸ್ಸಿನಲ್ಲೇ ಹಾಡಿಕೋ, ದೇವರಿಗೆ ಕೇಳಿಸುತ್ತೆ ಎಂದರು. ಒಳ್ಳೆಯ ಹೆಂಗಸು, ನೋಯಿಸಲು ಹೇಳಿದ್ದಲ್ಲ. ಅಂದಿನಿಂದ ನಾನು ಪುಸ್ತಕ ತೆರೆದು ಹಿಡಿದು ತುಟಿ ಆಡಿಸುವುದನ್ನು ರೂಢಿ ಮಾಡಿಕೊಂಡೆ. ಇಂಥ ನಾನು ಮುಂದೆ ಹತ್ತಿರ ಹತ್ತಿರ ಒಂಬತ್ತು ವರ್ಷ ಆ ಸಭೆಯ ಭಾನುವಾರದ ಹಾಡುಗಳನ್ನು ಆರಿಸಿದೆ.

ನಮ್ಮ ಚರ್ಚ್ ನ್ಯೂ ಟೌನಿನಲ್ಲಿ, ಕಾರ್ಖಾನೆಯವರ ಕ್ವಾರ್ಟರ್ಸ್ ಸಾಲುಗಳ ನಡುವೆ ಇತ್ತು. ಶೀಟಿನ ಮಾಡು, ಎರಡೂ ಬದಿಗೆ ಉದ್ದನೆಯ ಕಿಟಕಿಗಳು, ಒಳಗೆ ಹದಿನಾಲ್ಕು ಬೆಂಚು. ನಲವತ್ತು ಮನೆಗಳವರು ಸೇರಿ ಒಂದು ಸಭೆ. ಆದರೆ ಎಲ್ಲರೂ ಒಟ್ಟಿಗೆ ಕಾಣಿಸಿಕೊಳ್ಳುತ್ತಿದ್ದುದು ಕ್ರಿಸ್‌ಮಸ್ಸಿಗೆ ಮಾತ್ರ. ಉಳಿದಂತೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ಕಾರ್ಖಾನೆಯ ಶಿಫ್ಟ್ ತೀರ್ಮಾನಿಸುತ್ತಿತ್ತು. ಮನೆಯಲ್ಲಿ ತಮಿಳು, ತೆಲುಗು ಆಡುವವರೇ ಹೆಚ್ಚು, ಆರಾಧನೆ ಕನ್ನಡದಲ್ಲಿ. ನಾವು ಜನ್ನಾಪುರದಲ್ಲಿದ್ದೆವು. ನಾನು ದಿನಾ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ ಸವಳಂಗ ರಸ್ತೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಬರುತ್ತಿದ್ದೆ. ಹಾಗಾಗಿ ಸಭೆಯವರಿಗೆಲ್ಲ ನಾನು ಟೀಚರ್.

ಹಾಡಿನ ಕೆಲಸ ನನ್ನ ಪಾಲಿಗೆ ಬಂದದ್ದು ಒಂದು ಜಗಳದಿಂದ. ನಮ್ಮಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ದಪ್ಪ ಕನ್ನಡಕ, ಅಗಲ ಬೆರಳು, ಕಡಿಮೆ ಮಾತು. ಇಪ್ಪತ್ತು ವರ್ಷದಿಂದ ಹಾಡು ಆರಿಸುತ್ತಿದ್ದವರೂ ಅವರೇ. ತೊಂಬತ್ತರ ದಶಕದ ನಡುವಿನಲ್ಲಿ ಹುಡುಗ ಹುಡುಗಿಯರು ಕ್ಯಾಸೆಟ್ ಕೇಳಿ ಹೊಸ ಹಾಡುಗಳನ್ನು ಕಲಿತರು, ಗಿಟಾರ್ ತಂದರು, ತಮಗೂ ಪಾಲು ಬೇಕೆಂದರು. ಒಂದು ಭಾನುವಾರ ಪ್ರಸಂಗಕ್ಕೆ, ಅಂದರೆ ಸಭಾಪಾಲಕರ ಉಪದೇಶಕ್ಕೆ, ಮುಂಚಿನ ಹಾಡಿಗೆ ಎಲ್ಲರೂ ಎದ್ದು ನಿಂತಾಗ ಬಲಗಡೆಯಿಂದ ಹಾರ್ಮೋನಿಯಂ ಒಂದು ಹಾಡು ಎತ್ತಿಕೊಂಡಿತು, ಎಡಗಡೆಯಿಂದ ಗಿಟಾರ್ ಇನ್ನೊಂದು. ಎರಡು ಸಾಲು ಹೀಗೇ ಹೋಯಿತು. ಆಮೇಲೆ ಎರಡೂ ನಿಂತವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಾಡೇ ಇಲ್ಲದೆ ಪ್ರಸಂಗ ಶುರುವಾಯಿತು.

ಮರುದಿನ ಸಂಜೆ ಸಭಾಪಾಲಕರು ನಮ್ಮ ಮನೆಗೆ ಬಂದರು. ಅವರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಕಾಫಿ ಕುಡಿದು ಲೋಟ ಕೆಳಗಿಟ್ಟು, ಇನ್ನು ಮುಂದೆ ಹಾಡು ಆರಿಸುವ ಕೆಲಸವನ್ನು ನೀವು ವಹಿಸಿಕೊಳ್ಳಬೇಕು ಎಂದರು.

"ಅಯ್ಯನವರೇ, ನಂಗೆ ಹಾಡೋಕೆ ಬರಲ್ಲ," ಎಂದೆ.

"ಗೊತ್ತಮ್ಮ. ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ಹಾಡುವವರಲ್ಲಿ ಯಾರಿಗೆ ಕೊಟ್ಟರೂ ಇನ್ನೊಬ್ಬರಿಗೆ ಅಸಮಾಧಾನ. ಹಾಡಲು ಬಾರದವರ ಮೇಲೆ ಯಾರಿಗೂ ಹೊಟ್ಟೆಕಿಚ್ಚಿರುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ. ನನಗೆ ಸ್ವಲ್ಪ ಅವಮಾನವಾಯಿತು. ಆದರೂ ಒಪ್ಪಿಕೊಂಡೆ.

ಆ ವಾರವೆಲ್ಲ ಬಸ್ಸಿನಲ್ಲಿ ಹಾಡಿನ ಪುಸ್ತಕ ಓದಿದೆ. ಕನ್ನಡದ ಮೇಡಂ ಅಲ್ಲವೇ, ಪದ್ಯ ಓದುವ ಹಾಗೆ ಓದಿದೆ. ಎಷ್ಟೋ ವರ್ಷದಿಂದ ಕೈಯಲ್ಲಿ ಹಿಡಿದಿದ್ದ ಪುಸ್ತಕದಲ್ಲಿ ಅಷ್ಟು ಒಳ್ಳೆಯ ಸಾಲುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಹುಡುಕಿ ಹುಡುಕಿ ನಾಲ್ಕು ಹಾಡುಗಳನ್ನು ಆರಿಸಿ, ನಂಬರುಗಳನ್ನು ಎಲ್ಲರಿಗೂ ಕಾಣುವ ಹಲಗೆಗೆ ಸಿಕ್ಕಿಸಿ, ಚೀಟಿಯಲ್ಲೂ ಬರೆದು ಫೋರ್‌ಮನ್ನರ ಕೈಗೆ ಕೊಟ್ಟೆ. ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು. ಆ ನಾಲ್ಕರಲ್ಲಿ ಮೂರು ಸಭೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅವರೊಬ್ಬರೇ ಪುಸ್ತಕ ನೋಡಿಕೊಂಡು ಮೊದಲಿಂದ ಕೊನೆಯವರೆಗೆ ಹಾಡಿದರು. ಉಳಿದವರು ಪುಟ ತಿರುವಿದರು. ಆರಾಧನೆ ಮುಗಿದ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವರು ನನಗೆ ಹೇಳಿದರು, "ಟೀಚರ್, ಪದ್ಯ ಚೆನ್ನಾಗಿತ್ತು. ಹಾಡು ಯಾವಾಗ?"

ಅದಾದ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಪುಸ್ತಕದ ಒಂದೊಂದು ನಂಬರಿನ ಮುಂದೆ ಗುರುತುಗಳು. ಯಾವುದು ಹೆಂಗಸರಿಗೆ ಬರುತ್ತದೆ, ಯಾವುದು ಗಂಡಸರಿಗೆ, ಯಾವುದು ತಮಿಳು ಮನೆಗಳವರಿಗೆ ರಾಗದಿಂದ ಗೊತ್ತಿದೆ, ಯಾವುದನ್ನು ಮಕ್ಕಳೂ ಹಾಡುತ್ತಾರೆ. ಗಂಡಸರು ಹೆಚ್ಚಿನವರು ಫಸ್ಟ್ ಶಿಫ್ಟಿನಲ್ಲಿರುವ ವಾರ ಗಟ್ಟಿ ದನಿಗಳು ಇರುವುದಿಲ್ಲ. ಆ ವಾರ ಹೆಂಗಸರು ಎತ್ತಬಲ್ಲ ಹಾಡುಗಳೇ ಬೇಕು. ನನ್ನ ಗಂಡ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರು. ಶನಿವಾರ ಅವರನ್ನು ಕೇಳಿ ಯಾರು ಯಾವ ಶಿಫ್ಟಿನಲ್ಲಿದ್ದಾರೆ ಎಂದು ತಿಳಿದುಕೊಂಡು ಆಮೇಲೆ ಹಾಡು ಆರಿಸುತ್ತಿದ್ದೆ. ಪ್ರತಿ ಭಾನುವಾರ ಹೊಸ ಹಾಡೊಂದನ್ನು ಹುಡುಗರಿಗೆ ಬಿಟ್ಟುಕೊಟ್ಟೆ. ಆರೇಳು ತಿಂಗಳಲ್ಲಿ ಕೆಲಸ ಒಂದು ಹದಕ್ಕೆ ಬಂತು.

ಹಾಡದೆ ನಿಂತವಳಿಗೆ ಸುಮ್ಮನೆ ನೋಡುವುದಕ್ಕೆ ಬೇಕಾದಷ್ಟು ಹೊತ್ತು. ನಾನು ಜನರ ಮುಖ ನೋಡುತ್ತಿದ್ದೆ. ಹೀಗೆ ನೋಡುತ್ತಿದ್ದಾಗಲೇ ಮೂರನೇ ಬೆಂಚಿನ ಹೆಂಗಸು ನನ್ನ ಕಣ್ಣಿಗೆ ಬಿದ್ದಳು. ಚರ್ಚಿನ ಹಿಂದಿನ ಸಾಲಿನ ಕ್ವಾರ್ಟರ್ಸಿನಲ್ಲಿದ್ದಳು, ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಿದ್ದಳು; ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ನೂರ ಮೂವತ್ತೇಳನೆಯ ಹಾಡು ಹಾಡುವಾಗಲೆಲ್ಲ ಅವಳು ಎದ್ದು ಹೋಗುತ್ತಿದ್ದಳು. ಅದು ಏಳು ಚರಣದ ಉದ್ದನೆಯ ಹಾಡು. ಬದುಕಿನಲ್ಲಿ ದಾಟಿ ಬಂದದ್ದಕ್ಕೆಲ್ಲ ದೇವರಿಗೆ ಕೃತಜ್ಞತೆ ಹೇಳುವುದು ಅದರ ವಿಷಯ. ಸಭೆಗೆ ಅದು ಬಹಳ ಪ್ರಿಯ. ತಿಂಗಳಿಗೆ ಎರಡು ಸಲವಾದರೂ ಪ್ರಸಂಗಕ್ಕೆ ಮುಂಚೆ ಬರುತ್ತಿತ್ತು. ಮೊದಲ ಚರಣ ಮುಗಿಯುವ ಹೊತ್ತಿಗೆ ಅವಳು ತಲೆತಗ್ಗಿಸಿ ಪಕ್ಕದ ಬಾಗಿಲಿಂದ ಹೊರಗೆ ಹೋಗುವಳು, ಕೊನೆಯ ಚರಣಕ್ಕೆ ಮರಳುವಳು. ಬಂದಾಗ ಸೆರಗಿನ ಅಂಚು ಒದ್ದೆ, ಮುಂಗೈ ಒದ್ದೆ, ಕೆಲವು ಸಲ ಮುಖವೂ ಒದ್ದೆ. ಬೇರೆ ಯಾವ ಹಾಡಿಗೂ ಅವಳು ಏಳುತ್ತಿರಲಿಲ್ಲ.

ಮೂರು ನಾಲ್ಕು ಸಲ ನೋಡಿದ ಮೇಲೆ ನನಗೆ ಖಾತ್ರಿಯಾಯಿತು. ಅವಳು ಹೊರಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಾಳೆ. ಅಯ್ಯನವರ ಹೆಂಡತಿಯ ಹತ್ತಿರ ಬಳಸಿ ಬಳಸಿ ವಿಚಾರಿಸಿದೆ. ಪಾಪ, ಮದುವೆಯಾದ ಹೊಸದರಲ್ಲಿ ಅವಳಿಗೆ ಒಂದು ಮಗು ಹೋಗಿತ್ತು, ಆಮೇಲೆ ಇಬ್ಬರು ಹುಟ್ಟಿದರು ಎಂದು ಅವರು ಹೇಳಿದರು. ಉಳಿದದ್ದನ್ನು ನಾನೇ ಜೋಡಿಸಿಕೊಂಡೆ. ಮಗುವನ್ನು ಮಣ್ಣು ಮಾಡಿದ ದಿನ ಆ ಹಾಡು ಹಾಡಿರಬೇಕು. ಕೃತಜ್ಞತೆಯ ಆ ಸಾಲುಗಳನ್ನು ಕೇಳಲು ಅವಳಿಗೆ ಆಗುತ್ತಿಲ್ಲ. ಅವಳನ್ನು ನೇರವಾಗಿ ಕೇಳುವುದು ಒರಟುತನ ಎನ್ನಿಸಿತು. ನೋಟ್‌ಬುಕ್ಕಿನಲ್ಲಿ ನೂರ ಮೂವತ್ತೇಳರ ಮುಂದೆ ಒಂದು ಕೆಂಪು ಕಾಟು ಹಾಕಿದೆ. ಯಾರಿಗೂ ಹೇಳದೆ ಒಬ್ಬರಿಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಸಂತೋಷ ನನಗೆ ಎಷ್ಟಿತ್ತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲು ಯಾರೂ ಗಮನಿಸಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಫೋರ್‌ಮನ್ ಕೇಳಿದರು, ನೂರ ಮೂವತ್ತೇಳನ್ನು ಯಾಕೆ ಹಾಕುತ್ತಿಲ್ಲ ಎಂದು. ಉದ್ದವಾಯಿತು ಎಂದೆ. ನಾಲ್ಕೇ ಚರಣ ಹಾಡೋಣ ಎಂದರು. ನೋಡೋಣ ಎಂದೆ. ಮತ್ತೆ ಕೇಳಿದರು, ಮತ್ತೆ ಜಾರಿಕೊಂಡೆ. ಸುಗ್ಗಿ ಹಬ್ಬದ ಭಾನುವಾರಕ್ಕೆ ಎಲ್ಲ ಹಿರಿಯರೂ ಕೂತು ಮಾತಾಡುವಾಗ, ಈ ಸಲವಾದರೂ ಆ ಹಾಡು ಇರಲಿ ಎಂದು ಅವರು ಎಲ್ಲರ ಮುಂದೆ ಹೇಳಿದರು. ಹಾಡು ಆರಿಸುವ ಕೆಲಸ ನನಗೆ ಕೊಟ್ಟಿದ್ದೀರಿ ಎಂದಾದರೆ ನನ್ನ ಮಾತು ನಡೆಯಲಿ, ಇಲ್ಲವಾದರೆ ಬಿಟ್ಟುಬಿಡುತ್ತೇನೆ ಎಂದುಬಿಟ್ಟೆ. ಅಯ್ಯನವರು ನೆಲ ನೋಡಿದರು. ಅವರಿಗೆ ಮತ್ತೆ ಎರಡು ಹಾಡು ಒಟ್ಟಿಗೆ ಕೇಳುವ ಆಸೆ ಇರಲಿಲ್ಲ. ನನ್ನ ಮಾತೇ ನಡೆಯಿತು.

ಅಲ್ಲಿಂದ ಫೋರ್‌ಮನ್ ನನ್ನೊಡನೆ ಮಾತು ಬಿಟ್ಟರು. ಭಾನುವಾರ ಬೆಳಿಗ್ಗೆ ನಾನು ಚೀಟಿ ಚಾಚಿದರೆ ಮುಖ ಬೇರೆ ಕಡೆಗಿಟ್ಟು ತೆಗೆದುಕೊಳ್ಳುತ್ತಿದ್ದರು. ನುಡಿಸುವುದರಲ್ಲಿ ಮಾತ್ರ ಯಾವ ಕೊರತೆಯನ್ನೂ ಮಾಡಲಿಲ್ಲ. ನಾನೂ ಬಗ್ಗಲಿಲ್ಲ. ಹತ್ತಿರ ಹತ್ತಿರ ಎರಡು ವರ್ಷ ಹೀಗೇ ನಡೆಯಿತು.

ಒಂದು ಬೇಸಿಗೆ ರಜೆಯಲ್ಲಿ ಎರಡು ರವಿಕೆ ಬಟ್ಟೆ ಹಿಡಿದುಕೊಂಡು ಆ ಮೂರನೇ ಬೆಂಚಿನ ಹೆಂಗಸಿನ ಮನೆಗೆ ಹೋದೆ. ನಮ್ಮ ಮಾಮೂಲಿ ಟೈಲರ್ ಊರಿಗೆ ಹೋಗಿದ್ದನೆಂಬುದೇ ಕಾರಣ, ಬೇರೇನಿಲ್ಲ. ಅವಳು ಅಳತೆ ತೆಗೆದುಕೊಂಡು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಹೇಳಿದಳು, "ಟೀಚರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಉದ್ದದ ಹಾಡು, ನೂರ ಮೂವತ್ತೇಳು, ಈಗ ಯಾಕೆ ಹಾಡ್ಸಲ್ಲ?"

ನಿನಗೆ ಆ ಹಾಡು ಬೇಕಾ ಎಂದೆ.

"ಬೇಕಾ ಅಂದ್ರೆ? ಭಾನುವಾರ ಹತ್ತೂವರೆಗೆ ನಮ್ಮ ಲೈನಿಗೆ ನೀರು ಬಿಡ್ತಾರೆ ಟೀಚರ್, ಅರ್ಧ ಗಂಟೆ ಅಷ್ಟೆ. ಬೋರ್ಡಲ್ಲಿ ಆ ನಂಬರ್ ಕಂಡ್ರೆ ನಂಗೆ ಖುಷಿ. ಏಳು ಚರಣ ಮುಗಿಯೋದ್ರೊಳಗೆ ಎರಡು ಡ್ರಮ್ಮು ತುಂಬಿಸಿ ವಾಪಸ್ ಬಂದ್ಬಿಡ್ತಿದ್ದೆ. ಬೇರೆ ಹಾಡು ಮೂರು ಚರಣಕ್ಕೇ ಮುಗಿದೋಗುತ್ತೆ, ಹೋಗಿ ಬರೋಕಾಗಲ್ಲ. ಪ್ರಸಂಗದ ಮಧ್ಯೆ ಎದ್ರೆ ಅಯ್ಯನವರು ನನ್ನೇ ನೋಡ್ತಾರೆ."

ಹಾಡು ಅವಳ ಹಿತ್ತಲಿನವರೆಗೂ ಕೇಳಿಸುತ್ತದಂತೆ. ಕೊಡ ಎತ್ತಿ ಡ್ರಮ್ಮಿಗೆ ಸುರಿಯುತ್ತ ತಾನೂ ಹಾಡಿಕೊಳ್ಳುತ್ತಿದ್ದಳಂತೆ. ಅವಳಿಗೆ ಅತ್ಯಂತ ಇಷ್ಟದ ಹಾಡೇ ಅದು. ಎರಡು ವರ್ಷದಿಂದ ಭಾನುವಾರದ ನೀರಿಗೆ ಪಕ್ಕದ ಮನೆಯವರನ್ನು ಗೋಗರೆಯಬೇಕಾಗಿದೆ, ಅವರು ಒಮ್ಮೆ ಹಿಡಿದಿಡುತ್ತಾರೆ, ಒಮ್ಮೆ ಮರೆಯುತ್ತಾರೆ ಎಂದು ಹೇಳಿ ಅವಳು ನಕ್ಕಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು. "ಫೋರ್‌ಮನ್ ಮನೆ ಅಕ್ಕನೂ ಆ ಹಾಡು ಯಾಕಿಲ್ಲ ಅಂತ ಕೇಳ್ತಿರ್ತಾರೆ. ಮಲಗಿದಲ್ಲಿಂದ ಕಿಟಕೀಲಿ ಎಲ್ಲಾ ಕೇಳ್ಸುತ್ತಲ್ಲ ಅವ್ರಿಗೆ."

ಫೋರ್‌ಮನ್ನರ ಹೆಂಡತಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿದ್ದು ನನಗೆ ಗೊತ್ತಿತ್ತು. ನಾನು ಆ ಹಾಡಿಗೆ ಕಾಟು ಹಾಕುವುದಕ್ಕೆ ಕೆಲವೇ ತಿಂಗಳ ಮುಂಚೆ ಆದದ್ದು ಅದು. ಹೆಂಗಸರ ಕೂಟದವರೊಡನೆ ಒಮ್ಮೆ ಬ್ರೆಡ್ಡು ಹಣ್ಣು ಹಿಡಿದುಕೊಂಡು ಹೋಗಿ ಬಂದಿದ್ದೆ. ಅವರ ಕ್ವಾರ್ಟರ್ಸ್ ಚರ್ಚಿನ ಎದುರು ರಸ್ತೆಯಾಚೆ ಇದೆ ಎಂಬುದೂ ಗೊತ್ತಿತ್ತು. ಈ ಎರಡನ್ನೂ ಸೇರಿಸಿ ನೋಡುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ರವಿಕೆ ಬಟ್ಟೆ ಅಲ್ಲೇ ಬಿಟ್ಟು ಸೀದಾ ಅವರ ಮನೆಗೆ ನಡೆದೆ. ಅವರು ವರಾಂಡದಲ್ಲಿ ಕೂತು ಟೇಬಲ್ ಫ್ಯಾನೊಂದನ್ನು ಬಿಚ್ಚಿ ಹರಡಿಕೊಂಡಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಆದರೆ ಬನ್ನಿ ಎನ್ನಲಿಲ್ಲ. ನಾನು ನಿಂತಲ್ಲಿಯೇ ಎಲ್ಲವನ್ನೂ ಹೇಳಿದೆ. ಒದ್ದೆ ಸೆರಗು, ಹೋದ ಮಗು, ಕೆಂಪು ಕಾಟು, ನೀರಿನ ಡ್ರಮ್ಮು. ಅವರು ಸ್ಕ್ರೂಡ್ರೈವರನ್ನು ಒರೆಸುತ್ತ ಕೇಳಿದರು.

"ಎರಡು ವರ್ಷ, ಟೀಚರ್," ಎಂದರು ಕೊನೆಗೆ.

"ಮನೇಲಿ ಕೇಳ್ತಾರೆ, ಅವರಿಗೋಸ್ಕರ ಬೇಕು ಅಂತ ನೀವು ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

"ನಮ್ಮ ಮನೆಗೋಸ್ಕರ ಸಭೆ ಹಾಡ್ಬೇಕು ಅಂತ ನಾನು ಹೆಂಗೆ ಕೇಳ್ಲಿ?"

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಕರೆದರು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. ಒಳಗೆ ಹೋದೆ. ಕಿಟಕಿಗೆ ತಾಗಿಸಿ ಹಾಕಿದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಾಚಿ ಬಿಗಿಯಾಗಿ ಹೆಣೆದ ಜಡೆ, ಒಗೆದ ಸೀರೆ. ಗಂಡನೇ ಇದೆಲ್ಲವನ್ನೂ ಮಾಡುತ್ತಾರೆ ಎಂದು ಆಮೇಲೆ ತಿಳಿಯಿತು. ವರಾಂಡದ ಮಾತನ್ನೆಲ್ಲ ಅವರು ಕೇಳಿಸಿಕೊಂಡಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಬಲಗೈ ಎತ್ತಿ ತಡೆದರು.

"ಬರೋ ಭಾನುವಾರ ಆ ಹಾಡು ಹಾಕಿ ಟೀಚರ್. ಹಾಕಿ, ನೀವು ಇಲ್ಲಿ ಬಂದು ಕೂತ್ಕೊಳ್ಳಿ."

"ಇಲ್ಲಿ ಯಾಕಕ್ಕಾ?"

"ಹೇಗೆ ಕೇಳ್ಸುತ್ತೆ ಅಂತ ನೋಡಿ. ಹೇಗಿದ್ರೂ ನಿಮ್ಗೆ ಹಾಡೋಕೆ ಬರಲ್ಲ, ಅಲ್ಲಿ ಏನೂ ಕಡಿಮೆ ಆಗಲ್ಲ."

ಆ ಭಾನುವಾರ ಮೊದಲ ಪ್ರಾರ್ಥನೆ ಮುಗಿಯುತ್ತಲೇ ರಸ್ತೆ ದಾಟಿ ಹೋಗಿ ಅವರ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೆ. ನಮ್ಮ ಸಭೆಯ ಹಾಡನ್ನು ಹೊರಗಿನಿಂದ ಕೇಳಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ನೂರ ಮೂವತ್ತೇಳು ಶುರುವಾದಾಗ ದನಿಗಳು ಒಮ್ಮೆಗೇ ಏರಿದವು. ಎರಡು ವರ್ಷ ಕಾದವರ ಹಾಗೆ ಹಾಡಿದರು. ಎರಡನೇ ಚರಣಕ್ಕೆ ಹಾರ್ಮೋನಿಯಂ ಮುಂದೆ ಹೋಯಿತು, ಹೆಂಗಸರು ಹಿಂದೆ ಬಿದ್ದರು. ಯಾರೋ ಕೆಮ್ಮಿದರು. ನಡುವೆ ಒಂದು ಲೂನಾ ಹೋಯಿತು. ಅಕ್ಕ ಬಲಗೈ ಬೆರಳಿನಿಂದ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿದ್ದರು. ಅವರ ಕಣ್ಣಲ್ಲಿ ನೀರು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಹುಬ್ಬು ಗಂಟಿಕ್ಕಿ, ಪರೀಕ್ಷೆ ಪೇಪರು ತಿದ್ದುವವರ ಹಾಗೆ ಕೇಳುತ್ತಿದ್ದರು.

"ಐದನೇ ಚರಣಕ್ಕೆ ಎಲ್ಲರಿಗೂ ಸುಸ್ತು," ಎಂದರು. "ಕೇಳಿ. ಇವರು ಶ್ರುತಿ ಮೇಲಿಟ್ಟುಬಿಡ್ತಾರೆ. ಗಂಡಸರು ಎಳೀತಾರೆ, ಹೆಂಗಸರು ಬಿಟ್ಟೇಬಿಡ್ತಾರೆ. ನಾನು ಹೇಳಿದ್ರೆ ಇವರಿಗೆ ಸಿಟ್ಟು."

ಹಾಡು ಮುಗಿದ ಮೇಲೆ ಅವರು ಅಲ್ಲಿಯವರೆಗೆ ಕೇಳಿದ್ದನ್ನೆಲ್ಲ ಹೇಳತೊಡಗಿದರು. ಎರಡೂವರೆ ವರ್ಷ ಆ ಕಿಟಕಿಯ ಪಕ್ಕ ಮಲಗಿ ಪ್ರತಿ ಭಾನುವಾರದ ಹಾಡುಗಳನ್ನೂ ಕೇಳಿದ್ದರು. ಯಾವುದನ್ನು ಜನ ಮನಸ್ಸಿಟ್ಟು ಹಾಡುತ್ತಾರೆ, ಯಾವುದನ್ನು ಮುಗಿದರೆ ಸಾಕೆಂದು ಹಾಡುತ್ತಾರೆ, ಯಾವ ಹಾಡನ್ನು ನಾನು ತೀರ ಹೆಚ್ಚು ಸಲ ಹಾಕಿ ಸವೆಸಿಬಿಟ್ಟಿದ್ದೇನೆ ಎಲ್ಲ ಅವರಿಗೆ ಗೊತ್ತಿತ್ತು. ನಾನು ಮುಖ ನೋಡಿ ನೋಟ್‌ಬುಕ್ ತುಂಬಿಸಿದ್ದೆ. ಅದರಲ್ಲಿದ್ದ ಅರ್ಧ ಗುರುತುಗಳು ತಪ್ಪೆಂದು ಆ ಒಂದು ಗಂಟೆಯಲ್ಲಿ ಗೊತ್ತಾಯಿತು.

ಮುಂದಿನ ಶುಕ್ರವಾರ ಶಿವಮೊಗ್ಗದಿಂದ ಬರುವಾಗ ಜನ್ನಾಪುರದಲ್ಲಿ ಇಳಿಯದೆ ನ್ಯೂ ಟೌನಿಗೆ ಹೋದೆ. ಭಾನುವಾರಕ್ಕೆ ಯಾವುದು ಹಾಕಲಿ ಅಕ್ಕಾ ಎಂದು ಕೇಳಿದೆ. ಅವರು ಹೇಳಿದರು, ನಾನು ಬರೆದುಕೊಂಡೆ. ಹಾಗೆ ಪ್ರತಿ ಶುಕ್ರವಾರ ಹೋಗುವುದು ರೂಢಿಯಾಯಿತು. ಅಯ್ಯನವರಿಗೆ ಮಾತ್ರ ತಿಳಿಸಿದ್ದೆ. ಸಭೆಗೆ ಹೇಳುವುದು ಬೇಡವೆಂದು ಅಕ್ಕನೇ ಅಂದರು. ಸುಮಾರು ಎರಡು ವರ್ಷ ನಮ್ಮ ಚರ್ಚಿನ ಹಾಡುಗಳನ್ನು ಆರಿಸಿದವರು ಚರ್ಚಿನ ಒಳಗೆ ಕಾಲಿಡಲಾಗದ ಆ ಹೆಂಗಸು.

ಅವರು ಆರಿಸುವ ಕ್ರಮವೇ ಬೇರೆ. ಹಾಡಿನ ಅರ್ಥ, ಪ್ರಸಂಗದ ವಿಷಯ ಇವೆಲ್ಲ ಆಮೇಲೆ. ಜೂನ್ ಬಂದರೆ, ಶೀಟಿನ ಮೇಲೆ ಮಳೆ ಬಿದ್ದಾಗ ಮೆದು ಹಾಡು ಮುಳುಗಿಹೋಗುತ್ತದೆ, ತಾಳ ಗಟ್ಟಿ ಇರುವುದೇ ಬೇಕು ಎನ್ನುತ್ತಿದ್ದರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಜನ ಸಾಲಾಗಿ ಮುಂದೆ ಹೋಗುತ್ತಾರೆ, ಹಾಡು ಎಷ್ಟು ಹೊತ್ತು ಬೇಕಾಗುತ್ತದೋ ಹೇಳಲು ಬರುವುದಿಲ್ಲ. ಅದಕ್ಕೆ ಪಲ್ಲವಿ ತಿರುತಿರುಗಿ ಹಾಡಿದರೂ ಬೇಸರವಾಗದ ಹಾಡು. ಹುಡುಗರ ಗಿಟಾರ್ ಹಾಡನ್ನು ಕೊನೆಯಲ್ಲಿಡಬೇಡಿ, ಆಗ ಜನಕ್ಕೆ ಮನೆಯ ಅಡುಗೆ ನೆನಪಾಗಿರುತ್ತದೆ. ಮೊದಲಲ್ಲೇ ಇಡಿ, ಮಕ್ಕಳಿಗೂ ಮರ್ಯಾದೆ ಕೊಟ್ಟ ಹಾಗಾಗುತ್ತದೆ ಎಂದರು. ಎಂದೂ ಪುಸ್ತಕ ನೋಡುತ್ತಿರಲಿಲ್ಲ. ನಂಬರುಗಳೆಲ್ಲ ಬಾಯಲ್ಲೇ ಇದ್ದವು.

ಶ್ರುತಿಯ ವಿಷಯವನ್ನು ಗಂಡನಿಗೆ ಮುಟ್ಟಿಸುವ ಕೆಲಸವೂ ನನಗೇ ಬಂತು. ಒಂದು ಭಾನುವಾರ ಚೀಟಿ ಕೊಡುತ್ತ, ಅಕ್ಕ ಹೇಳಿಕೊಟ್ಟ ಮಾತನ್ನು ಅರ್ಥ ಗೊತ್ತಿಲ್ಲದೆಯೇ ಒಪ್ಪಿಸಿದೆ. "ಮೂರನೇದನ್ನ ಕಪ್ಪು ಎರಡು ಬಿಟ್ಟು ಕಪ್ಪು ಒಂದಕ್ಕೆ ಇಳಿಸಿ."

ಹಾರ್ಮೋನಿಯಂ ಮನೆಗಳ ಹೆಸರು ನನ್ನ ಬಾಯಲ್ಲಿ ಬಂದದ್ದನ್ನು ಕೇಳಿ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದು ನಿಮ್ಮ ಮಾತಲ್ಲ ಟೀಚರ್."

"ಯಾರದಾದ್ರೂ ಆಗ್ಲಿ, ಇಳಿಸಿ ನೋಡಿ."

ಇಳಿಸಿದರು. ಹೆಂಗಸರ ದನಿ ಕೊನೆಯ ಚರಣದವರೆಗೂ ನಿಂತಿತು. ಅವರು ಅದನ್ನು ಒಪ್ಪಿಕೊಳ್ಳಲಿಲ್ಲ, ಆದರೆ ಮತ್ತೆ ಮೇಲೇರಿಸಲೂ ಇಲ್ಲ.

ಆ ವರ್ಷಗಳಲ್ಲೇ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿಯ ಮಾತು ಶುರುವಾಯಿತು. ಒಂದು ವಾರ ಸಭೆಯ ಐದು ಮನೆಗಳವರು ಒಟ್ಟಿಗೆ ಅರ್ಜಿ ಹಾಕಿದ್ದರು. ಕ್ವಾರ್ಟರ್ಸ್ ಬಿಡಬೇಕು, ಮಕ್ಕಳ ಶಾಲೆ ಬದಲಿಸಬೇಕು. ಎಲ್ಲರ ಮುಖದಲ್ಲೂ ಅದೇ. ನಾನು ಧೈರ್ಯ ಹೇಳುವಂಥ ಹಾಡುಗಳ ಪಟ್ಟಿ ಮಾಡಿಕೊಂಡು ಶುಕ್ರವಾರ ಹೋದೆ. ಅಕ್ಕ ಒಪ್ಪಲಿಲ್ಲ. ಧೈರ್ಯ ಹೇಳಿದರೆ ಅಳು ಬರುತ್ತದೆ, ಈ ವಾರ ಎಲ್ಲರಿಗೂ ಬಾಯಿಪಾಠ ಇರುವ ಹಳೆಯವೇ ಸಾಕು ಎಂದರು. ಸಂಡೇ ಸ್ಕೂಲಿನಲ್ಲಿ ಎಲ್ಲರೂ ಕಲಿತ ಸಣ್ಣ ಹಾಡುಗಳನ್ನು ಹಾಕಿಸಿದರು. ಆ ಭಾನುವಾರ ಯಾರೂ ಪುಸ್ತಕ ತೆರೆಯಲಿಲ್ಲ. ಊರು ಬಿಡಲಿದ್ದ ಒಬ್ಬರು ಆರಾಧನೆಯ ನಂತರ ನನ್ನ ಹತ್ತಿರ ಬಂದು, ಟೀಚರ್, ಇವತ್ತು ಹಾಡು ಚೆನ್ನಾಗಿ ಆರಿಸಿದ್ರಿ ಎಂದರು. ನಾನು ಆಗಲಿ ಎಂದಷ್ಟೇ ಹೇಳಿದೆ. ಆ ಹೊಗಳಿಕೆಯನ್ನು ಶುಕ್ರವಾರ ಎದುರು ಮನೆಗೆ ತಲುಪಿಸಿದೆ. ಅಕ್ಕ, ಎರಡನೇದು ಸ್ವಲ್ಪ ಬೇಗ ಹಾಡಿದರು ಎಂದರು.

ಒಂದು ಫೆಬ್ರವರಿಯ ಶುಕ್ರವಾರ ಭಾನುವಾರದ ಹಾಡುಗಳನ್ನು ಬರೆದುಕೊಂಡು ಏಳಹೊರಟವಳನ್ನು ಅವರು ಕೂರಿಸಿದರು. ಇನ್ನೂ ಎರಡು ನಂಬರ್ ಬರೆದುಕೊಳ್ಳಿ, ಅವು ನನ್ನ ಮಣ್ಣಿಗೆ ಎಂದರು. ಅಂಥ ಮಾತು ಯಾಕಕ್ಕಾ ಎಂದೆ. ಬರೆದುಕೊಳ್ಳಿ ಎಂದು ಮತ್ತೆ ಹೇಳಿದರು. ಮನೆಯಲ್ಲಿ ಒಂದು, ಸಮಾಧಿಯ ಹತ್ತಿರ ಒಂದು. ಎರಡೂ ಮೂರು ಚರಣದವು.

"ನೂರ ಮೂವತ್ತೇಳು?" ಎಂದೆ.

"ಅದು ಬೇಡ. ಇವರು ಅದನ್ನೇ ಬೇಕು ಅಂತಾರೆ, ಕೊಡಬೇಡಿ. ಅಲ್ಲಿ ನೆರಳಿಲ್ಲ. ಜನ ಬಿಸಿಲಲ್ಲಿ ನಿಂತಿರ್ತಾರೆ."

ಏಪ್ರಿಲ್‌ನಲ್ಲಿ ಅವರಿಗೆ ಎರಡನೇ ಸಲ ಪಾರ್ಶ್ವವಾಯು ಹೊಡೆಯಿತು. ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಮನೆಯ ಮುಂದೆ ಶಾಮಿಯಾನ ಹಾಕುತ್ತಿದ್ದಾಗ ಅಯ್ಯನವರು ಹಾಡಿನ ವಿಷಯ ಕೇಳಿದರು. ಫೋರ್‌ಮನ್, ಅವಳಿಗೆ ಇಷ್ಟದ್ದು ನೂರ ಮೂವತ್ತೇಳು, ಅದನ್ನೇ ಹಾಡೋಣ ಎಂದರು. ನಾನು ಅವರನ್ನು ಪಕ್ಕಕ್ಕೆ ಕರೆದು ನೋಟ್‌ಬುಕ್ ತೆರೆದು ತೋರಿಸಿದೆ. ಅಕ್ಷರ ನನ್ನದು, ಕೆಳಗೆ ಯಾರ ಸಹಿಯೂ ಇಲ್ಲ. ಹಿಂದೊಮ್ಮೆ ಇದೇ ಹಾಡನ್ನು ಕಾರಣ ಹೇಳದೆ ಅವರಿಗೆ ತಪ್ಪಿಸಿದವಳು ನಾನು. ನಂಬುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅಲ್ಲಿ ನೆರಳಿಲ್ಲ ಅಂದರು ಅಕ್ಕ, ಎಂದೆ.

ಅವರು ಆ ಪುಟ ಓದಿದರು. "ಅವಳದೇ ಮಾತು," ಎಂದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

ಸಮಾಧಿಯ ಹತ್ತಿರ ಹಾರ್ಮೋನಿಯಂ ತಂದಿರಲಿಲ್ಲ. ಅಯ್ಯನವರು ನಂಬರ್ ಹೇಳಿದಾಗ ಯಾರು ಎತ್ತಬೇಕೆಂದು ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಫೋರ್‌ಮನ್ನರೇ ಎತ್ತಿದರು, ತಗ್ಗಿದ ಶ್ರುತಿಯಲ್ಲಿ. ಗಿಟಾರಿನ ಹುಡುಗರೂ ಸೇರಿಕೊಂಡರು. ಹೊಲಿಯುವ ಹೆಂಗಸು ನನ್ನ ಪಕ್ಕದಲ್ಲಿ ನಿಂತು ಅಳುತ್ತಲೇ ಹಾಡುತ್ತಿದ್ದಳು. ಮೂರು ಚರಣ ಬೇಗ ಮುಗಿಯಿತು. ಬಿಸಿಲು ನಿಜಕ್ಕೂ ಜೋರಾಗಿತ್ತು.

ಮರುವಾರದ ಶುಕ್ರವಾರ ನಾನು ನೇರ ಮನೆಗೆ ಹೋದೆ. ಅಕ್ಕಿ ಕುಕ್ಕರಿಗಿಟ್ಟು, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನಾಲ್ಕು ಹಾಡು ಆರಿಸಿದೆ. ಅಕ್ಕ ಏನು ಹೇಳುತ್ತಿದ್ದರು ಎಂದು ಯೋಚಿಸಿ ಯೋಚಿಸಿ ಆರಿಸಿದೆ. ಆದರೂ ಸರಿ ಎನ್ನಿಸಲಿಲ್ಲ. ಭಾನುವಾರ ಫೋರ್‌ಮನ್ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಎಲ್ಲರಿಗಿಂತ ಮುಂಚೆ ಬಂದು ಹಾರ್ಮೋನಿಯಮ್ಮಿನ ಧೂಳು ಒರೆಸುತ್ತಿದ್ದರು. ಚೀಟಿ ಕೊಟ್ಟೆ. ಓದಿದರು.

"ಎರಡನೇದು ಬೇಡ ಟೀಚರ್. ಈಗ ತಾನೆ ಈಸ್ಟರಿಗೆ ಹಾಡಿದ್ದೀವಿ."

"ಮತ್ತೆ ಯಾವ್ದು ಹಾಕೋಣ?"

ಅವರು ಒಂದು ನಂಬರ್ ಹೇಳಿದರು. ಅದಕ್ಕೆ ಗಂಡಸರು ಸಾಲದು, ಈ ವಾರ ಹೆಚ್ಚಿನವರು ಫಸ್ಟ್ ಶಿಫ್ಟು ಎಂದು ನಾನೆಂದೆ. ಅವರು ಇನ್ನೊಂದು ಹೇಳಿದರು. ಅದಕ್ಕೆ ನಾನು ಹೂಂ ಎಂದು ಚೀಟಿಯಲ್ಲಿ ತಿದ್ದಿ, ಹಲಗೆಗೆ ನಂಬರ್ ಸಿಕ್ಕಿಸಲು ಹೋದೆ.

ಮುಂದೆ ನಾವು ಶಿವಮೊಗ್ಗಕ್ಕೆ ಮನೆ ಬದಲಿಸುವವರೆಗೂ, ಮೂರು ವರ್ಷಕ್ಕೂ ಹೆಚ್ಚು ಕಾಲ, ಹಾಗೆಯೇ ನಡೆಯಿತು. ಆರಾಧನೆಗೆ ಕಾಲು ಗಂಟೆ ಮುಂಚೆ ಅವರು ಒಂದು ಹೇಳುವುದು, ನಾನು ಒಂದು ಹೇಳುವುದು. ಬೇಗ ಬಂದು ಕೂತವರು ಕಿವಿಗೊಟ್ಟು ಕೇಳಿ, ಆಮೇಲೆ ತಮ್ಮದೂ ಒಂದು ನಂಬರ್ ಹೇಳುತ್ತಿದ್ದರು.